ಕೆಂಪು ಶಾಯಿಯ ಏಳು ಪಾಯಿಂಟ್ ಎರಡು

ನಮ್ಮ ಕಡೆ ಹೆಂಗಸರನ್ನು "ಹೇಗಿದ್ದೀರಮ್ಮ" ಎಂದು ಕೇಳಿದರೆ "ಏನೋ ಇದ್ದೀನಿ, ಮೈಯಲ್ಲಿ ರಕ್ತವೇ ಇಲ್ಲ" ಎಂಬ ಉತ್ತರ ಬರುವುದು ಹೊಸದಲ್ಲ. ಸುಸ್ತಾದರೆ ರಕ್ತವಿಲ್ಲ, ತಲೆ ಸುತ್ತಿದರೆ ರಕ್ತವಿಲ್ಲ, ಮುಖ ಬಿಳುಚಿಕೊಂಡರೆ ರಕ್ತವಿಲ್ಲ. ಈ ಮಾತಿನ ಹಿಂದೆ ಒಂದು ಚಿತ್ರವಿದೆ. ದೇಹವೆಂಬುದು ಕೊಡ, ರಕ್ತವೆಂಬುದು ಅದರಲ್ಲಿನ ನೀರು. ಕೊಡ ಬರಿದಾಗುತ್ತಿದ್ದರೆ ತುಂಬಿಸಬೇಕು. ತುಂಬಿಸುವುದೆಂದರೆ ಆಸ್ಪತ್ರೆಗೆ ಹೋಗಿ "ಒಂದೆರಡು ಬಾಟ್ಲಿ ಹಾಕಿಸಿಕೊಂಡು" ಬರುವುದು. ಅಪಘಾತದಲ್ಲಿಯೋ ಹೆರಿಗೆಯಲ್ಲಿಯೋ ರಕ್ತ ಸುರಿದುಹೋದವರ ಮಟ್ಟಿಗೆ ಈ ಚಿತ್ರ ಸರಿಯಾದುದೇ. ಆದರೆ ತಿಂಗಳುಗಟ್ಟಲೆ ಸದ್ದಿಲ್ಲದೆ ರಕ್ತಹೀನರಾದವರ ಮಟ್ಟಿಗೆ ಅದು ತಪ್ಪು. ಅವರ ಕೊಡ ಬರಿದಾಗಿರುವುದಿಲ್ಲ, ತುಂಬಿಯೇ ಇರುತ್ತದೆ. ಒಳಗಿರುವುದು ಗಟ್ಟಿ ಮಜ್ಜಿಗೆಯಲ್ಲ, ನೀರು ಬೆರೆಸಿದ ಮಜ್ಜಿಗೆ, ಅಷ್ಟೆ.

ಈ ವ್ಯತ್ಯಾಸವನ್ನು ನಾನು ಕಲಿತದ್ದು 2024ರ ಆಷಾಢದಲ್ಲಿ, ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬೆಂಚಿನ ಮೇಲೆ ಕುಳಿತು. ನನ್ನ ತಂಗಿಗೆ "ರಕ್ತ ಕೊಡದೆ ಕಳಿಸಿದರಂತೆ" ಎಂಬ ಸುದ್ದಿ ಅನಂತರದ ಮದುವೆ ಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ ಕೈಯಿಂದ ಕೈಗೆ ದಾಟುತ್ತ ಬೆಳೆದಿದೆ. ರಕ್ತನಿಧಿಯಲ್ಲಿ ರಕ್ತವೇ ಇರಲಿಲ್ಲವೆಂದು ಒಬ್ಬರು, ದುಡ್ಡು ಕೇಳಿದರೆಂದು ಇನ್ನೊಬ್ಬರು, ವಯಸ್ಸಾದವರೆಂದು ಕಡೆಗಣಿಸಿದರೆಂದು ಮತ್ತೊಬ್ಬರು. ಬಂಧುಗಳು ಹಲವರು, ಹಳೆಯ ವಿದ್ಯಾರ್ಥಿಗಳು ಇಬ್ಬರು, ನಡೆದದ್ದೇನೆಂದು ನನ್ನನ್ನೇ ವಿಚಾರಿಸಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಲೇಸು.

ತಂಗಿಗೆ ಅರವತ್ತೆಂಟು ವರ್ಷ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಗ, ಸೊಸೆ, ಮೊಮ್ಮಗಳೊಂದಿಗೆ ಇದ್ದಾಳೆ. ಕಣ್ಣಿನ ಪೊರೆ ತೆಗೆಸಬೇಕೆಂದು ಹೊರಟವಳಿಗೆ ಶಸ್ತ್ರಕ್ರಿಯೆಗೆ ಮುಂಚೆ ಮಾಡುವ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.2 ಗ್ರಾಂ ಎಂದು ಬಂತು. ಅವಳ ವಯಸ್ಸಿನ ಹೆಂಗಸಿಗೆ 12 ಇರಬೇಕು. ಪ್ರಯೋಗಶಾಲೆಯವರು ಆ ಅಂಕಿಯ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಮೂವತ್ತೈದು ವರ್ಷ ಅಂಕಪಟ್ಟಿಗಳನ್ನು ಬರೆದ ನನಗೆ ಆ ಸುತ್ತಿನ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಕಾಲದಲ್ಲಿ 35ಕ್ಕೆ ಕಡಿಮೆ ಬಂದ ವಿಷಯಕ್ಕೆ ನಾವೂ ಹೀಗೆಯೇ ಸುತ್ತು ಹಾಕುತ್ತಿದ್ದೆವು. ಚೀಟಿ ನೋಡಿದ ಕಣ್ಣಿನ ವೈದ್ಯರು "ಮೊದಲು ಇದನ್ನು ನೋಡಿಸಿ, ತಡ ಮಾಡಬೇಡಿ" ಎಂದರು. ಮಗ ಗಾಬರಿಯಾಗಿ ಕಾರು ಮಾಡಿಸಿ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆತಂದ. ನಾನು ಬಸ್ಸಿನಲ್ಲಿ ಹೋಗಿ ಸೇರಿಕೊಂಡೆ.

ಅವಳು ತುರ್ತು ವಿಭಾಗಕ್ಕೆ ನಡೆದುಕೊಂಡೇ ಬಂದಳು. ಅಂದು ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ, ಮೊಮ್ಮಗಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿ ಹೊರಟವಳು. ಇತ್ತೀಚೆಗೆ ದಿಬ್ಬ ಹತ್ತುವಾಗ ಸ್ವಲ್ಪ ಏದುಸಿರು, ಸಂಜೆ ಆಯಾಸ. ಅದನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದಳು. ಅಲ್ಲಿದ್ದ ವೈದ್ಯೆಗೆ ಮೂವತ್ತರ ಆಸುಪಾಸು. ಆಕೆ ಚೀಟಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ತಂಗಿಯನ್ನೇ ನೋಡತೊಡಗಿದರು. ನಾಡಿ 92, ರಕ್ತದೊತ್ತಡ ಸರಿಯಾಗಿತ್ತು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಅಳೆದರು. ಎದೆನೋವು ಬಂದಿತ್ತೆ, ತಲೆತಿರುಗಿ ಬಿದ್ದದ್ದುಂಟೆ, ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತದೆಯೆ, ಮಲ ಕಪ್ಪಗೆ ಹೋಗುತ್ತದೆಯೆ ಎಂದು ಒಂದೊಂದಾಗಿ ಕೇಳಿದರು. ಇ.ಸಿ.ಜಿ. ತೆಗೆಸಿದರು. ಮತ್ತೊಮ್ಮೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಗುಂಪು ಹೊಂದಿಸಿ ಒಂದು ಚೀಲ ಸಿದ್ಧವಾಗಿರಲಿ ಎಂದು ರಕ್ತನಿಧಿಗೂ ಬರೆದರು. ಅನಂತರ ನಮ್ಮತ್ತ ತಿರುಗಿ "ಈಗ ರಕ್ತ ಏರಿಸುವುದಿಲ್ಲ, ಇಂದು ರಾತ್ರಿ ಇಲ್ಲೇ ಇರಲಿ, ನೋಡೋಣ" ಎಂದರು.

ಅಲ್ಲಿಂದ ಗಲಾಟೆ ಶುರುವಾಯಿತು. ನನ್ನ ಸೋದರಳಿಯ ಸಾಧು ಸ್ವಭಾವದವನು, ಆದರೆ ತಾಯಿಯ ವಿಷಯ. "ಏಳಕ್ಕೆ ಇಳಿದಿದೆ ಮಾವ, ರಕ್ತ ಹಾಕಲ್ಲ ಅಂತಾರೆ. ನೀವು ಹೇಳಿದ್ರೆ ಕೇಳ್ತಾರೇನೋ" ಎಂದು ನನ್ನ ತೋಳು ಹಿಡಿದ. ಅಷ್ಟರಲ್ಲಿ ಅವನ ಷಡ್ಡಕ, ಊರಿನ ಇಬ್ಬರು ಹುಡುಗರು ಬೈಕಿನಲ್ಲಿ ಬಂದಿಳಿದರು. ಎಲ್ಲರೂ ರಕ್ತ ಕೊಡಲು ತೋಳು ಮಡಚಿ ಸಿದ್ಧರಾದವರೇ. ಕೊಡಲು ಜನರಿದ್ದಾರೆ, ಕೊಡಿಸಿಕೊಳ್ಳುವವಳು ಮಲಗಿದ್ದಾಳೆ, ನಡುವೆ ಈ ಹುಡುಗಿ ಬೇಡವೆನ್ನುತ್ತಿದ್ದಾಳೆ ಎಂಬುದು ಅವರ ಸಿಟ್ಟು. ಏನೂ ಮಾಡದೆ ಇರುವ ವೈದ್ಯರನ್ನು ನಮ್ಮ ಜನ ಸಹಿಸುವುದು ಕಷ್ಟ. ಡ್ರಿಪ್ ತೂಗುಬಿಟ್ಟರೆ ಅರ್ಧ ಸಮಾಧಾನ. ಅದರಲ್ಲಿ ಕೆಂಪು ಹನಿ ಇಳಿಯುತ್ತಿದ್ದರೆ ಪೂರ್ತಿ ಸಮಾಧಾನ.

ನಾನು ಆಕೆಯ ಬಳಿ ಹೋಗಿ, ಜಗಳಕ್ಕಲ್ಲ, ತಿಳಿಯಲೆಂದು ಕೇಳುತ್ತಿದ್ದೇನೆ ಎಂದು ಪೀಠಿಕೆ ಹಾಕಿ, ಯಾವ ಆಧಾರದ ಮೇಲೆ ಬೇಡವೆನ್ನುತ್ತೀರಿ ಎಂದು ವಿಚಾರಿಸಿದೆ. ಆಕೆ ಬಿಡುವಿಲ್ಲದ ಆ ಸಂಜೆಯಲ್ಲಿಯೂ ಐದು ನಿಮಿಷ ನಿಂತು ಹೇಳಿದರು. ಒಳ್ಳೆಯ ಉಪಾಧ್ಯಾಯಿನಿಯಾಗಬಹುದಾಗಿದ್ದವರು.

"ಸರ್, ಇವರ ಕೆಂಪು ಕಣಗಳು ತುಂಬ ಚಿಕ್ಕದಾಗಿವೆ, ಬಿಳಿಚಿಕೊಂಡಿವೆ. ಒಂದು ಕಣ ಸುಮಾರು 120 ದಿನ ಬದುಕುತ್ತೆ. ಎಲ್ಲಾ ಕಣಗಳೂ ಹೀಗಾಗಬೇಕಾದ್ರೆ ತಿಂಗಳುಗಟ್ಟಲೆ ಹಿಡಿದಿರುತ್ತೆ. ಅಂದರೆ ಇದು ನೆನ್ನೆ ಮೊನ್ನೆ ಆದದ್ದಲ್ಲ" ಎಂದರು. ಕಣದ ಗಾತ್ರವನ್ನೇ ಪಂಚಾಂಗದಂತೆ ಓದುವ ಈ ಉಪಾಯ ನನಗೆ ಬಹಳ ಹಿಡಿಸಿತು. ನಿಧಾನವಾಗಿ ಇಳಿದದ್ದಕ್ಕೆ ದೇಹ ನಿಧಾನವಾಗಿ ಹೊಂದಿಕೊಂಡಿರುತ್ತದೆ. ಹೃದಯ ತುಸು ಹೆಚ್ಚು ರಕ್ತವನ್ನು ತಳ್ಳುತ್ತದೆ. ಸಾಮಾನ್ಯವಾಗಿ ರಕ್ತ ಹೊತ್ತು ತಂದ ಆಮ್ಲಜನಕದಲ್ಲಿ ನಾಲ್ಕನೆಯ ಒಂದು ಭಾಗವನ್ನಷ್ಟೇ ಅಂಗಾಂಗಗಳು ಇಳಿಸಿಕೊಳ್ಳುತ್ತವೆ, ಉಳಿದದ್ದು ಹಾಗೆಯೇ ಮರಳುತ್ತದೆ. ಅಭಾವ ಬಂದಾಗ ಹೆಚ್ಚು ಇಳಿಸಿಕೊಳ್ಳುತ್ತವೆ. ಕೆಂಪು ಕಣಗಳೂ ತಮ್ಮ ಹಿಡಿತವನ್ನು ಸಡಿಲಿಸಿ ಧಾರಾಳವಾಗಿ ಬಿಟ್ಟುಕೊಡುತ್ತವೆ. ಕಡಿಮೆ ಸಂಬಳದ ಮನೆಯಲ್ಲಿ ಗೃಹಿಣಿ ತೂಗಿಸುವಂತೆ ದೇಹವೂ ತೂಗಿಸುತ್ತದೆ.

ಅಂಥವರಿಗೆ ಅವಸರದಲ್ಲಿ ಎರಡು ಚೀಲ ರಕ್ತ ಇಳಿಸಿದರೆ ಮೇಲೆ ಹೇಳಿದ ಮಜ್ಜಿಗೆಯ ಕೊಡ ತುಳುಕುತ್ತದೆ. ಹೆಚ್ಚಾದ ದ್ರವವನ್ನು ಹೃದಯ ತಾಳಲಾರದೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಸಣ್ಣ ಮೈಕಟ್ಟಿನವರಿಗೆ, ವಯಸ್ಸಾದವರಿಗೆ ಈ ಅಪಾಯ ಹೆಚ್ಚು. ನನ್ನ ತಂಗಿಯ ತೂಕ 46 ಕಿಲೋ. ನಡೆದು ಬಂದವರು ಉಸಿರುಕಟ್ಟಿ ಮಲಗುವುದೆಂದರೆ ಇದೇ. ಜ್ವರ, ನವೆ, ಅಪರೂಪವಾಗಿ ಗುಂಪು ತಪ್ಪಿದಾಗಿನ ಅನಾಹುತ ಬೇರೆ. ನಮ್ಮ ದೇಶದಲ್ಲಿ ಪ್ರತಿಯೊಂದು ಚೀಲವನ್ನೂ ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುವುದು ಕಡ್ಡಾಯ. ಆದರೂ ಸೋಂಕು ತಗುಲಿದ ಮೊದಲ ಕೆಲವು ದಿನ ಯಾವ ಪರೀಕ್ಷೆಯ ಕಣ್ಣಿಗೂ ಬೀಳದೆ ತಪ್ಪಿಸಿಕೊಳ್ಳಬಹುದು. ಹರೆಯದ ಹೆಣ್ಣುಮಕ್ಕಳಿಗಾದರೆ ಇನ್ನೊಂದು ತೊಡಕಿದೆ. ಪರರ ರಕ್ತಕ್ಕೆ ಅವರ ದೇಹ ಕಟ್ಟಿಕೊಳ್ಳುವ ಪ್ರತಿಕಾಯಗಳು ಮುಂದೆ ಗರ್ಭದಲ್ಲಿರುವ ಶಿಶುವಿಗೆ ತೊಂದರೆ ಕೊಡಬಹುದು.

"ಹಾಗಾದರೆ ಎಷ್ಟಕ್ಕೆ ಇಳಿದರೆ ಕೊಡುತ್ತೀರಿ?" ಎಂದು ಕೇಳಿದೆ. ಮೇಷ್ಟರ ಬುದ್ಧಿ, ಪಾಸಾಗಲು ಎಷ್ಟು ಎಂಬುದೇ ಪ್ರಶ್ನೆ. "ಸಾಮಾನ್ಯವಾಗಿ ಏಳು, ಸರ್. ಆದರೆ ಏಳು ಅಂತ ಬರೆದುಕೊಂಡು ಕೂರೋ ಹಾಗಿಲ್ಲ" ಎಂದು ನಕ್ಕು ಇನ್ನೊಂದು ಮಂಚದತ್ತ ಹೊರಟರು.

ಆ ಏಳರ ಬೆನ್ನು ಹತ್ತಿದ್ದು ಅನಂತರ. ನಮ್ಮ ಶಾಲೆಯಲ್ಲಿ 1989ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ವಿದ್ಯಾರ್ಥಿಯೊಬ್ಬ ಈಗ ಬೆಂಗಳೂರಿನಲ್ಲಿ ಅರಿವಳಿಕೆ ತಜ್ಞ. ಹುಡುಗನಾಗಿದ್ದಾಗ ಲೆಕ್ಕದಲ್ಲಿ ಹಂತ ಬರೆಯದೆ ಉತ್ತರವನ್ನಷ್ಟೇ ಬರೆದು ಬೈಸಿಕೊಳ್ಳುತ್ತಿದ್ದವನು. ಅವನು ಮೂರು ಭಾನುವಾರ ಫೋನಿನಲ್ಲಿ ಹಂತ ಹಂತವಾಗಿ ನನಗೆ ಪಾಠ ಹೇಳಿದ. ಮುಂದಿನ ಅಂಕಿಗಳು ಅವನು ಕಳಿಸಿಕೊಟ್ಟ ಪ್ರಬಂಧಗಳಲ್ಲಿ ನಾನು ಓದಿದವು.

ಮೊದಲಿಗೆ ಪಾಸು ಮಾರ್ಕು ಹತ್ತು. ಅದು ಬಂದದ್ದು ಅರಿವಳಿಕೆಯವರಿಂದಲೇ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಆಡಮ್ಸ್ ಮತ್ತು ಲಂಡಿ ಎಂಬಿಬ್ಬರು 1942ರಲ್ಲಿ ಒಂದು ಲೇಖನ ಬರೆದು, ಹಿಮೋಗ್ಲೋಬಿನ್ 8ರಿಂದ 10 ಗ್ರಾಂಗಿಂತ ಕಡಿಮೆಯಿದ್ದರೆ ಶಸ್ತ್ರಕ್ರಿಯೆಗೆ ಮೊದಲು ರಕ್ತ ಕೊಡುವುದು ಜಾಣತನ ಎಂದರು. ಅದು ಅನುಭವದ ಮಾತು, ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡಿದ್ದಲ್ಲ. ಆದರೆ ಅನುಭವಿಗಳ ಮಾತು ನಿಯಮವಾಗಿಬಿಡುವುದಕ್ಕೆ ಎಷ್ಟು ಕಾಲ ಬೇಕು? "ಎಂಟರಿಂದ" ಎಂಬುದು ಉದುರಿಹೋಗಿ ಹತ್ತು ಮಾತ್ರ ಉಳಿಯಿತು, ಶಸ್ತ್ರಕ್ರಿಯೆಯ ಕೊಠಡಿಯಿಂದ ಹೊರಬಂದು ಎಲ್ಲ ರೋಗಿಗಳ ಮೇಲೂ ಕುಳಿತಿತು. ನಾಲ್ಕು ದಶಕ ಯಾರೂ ಅದನ್ನು ಗಟ್ಟಿಯಾಗಿ ಪ್ರಶ್ನಿಸಲಿಲ್ಲ. 1980ರ ದಶಕದಲ್ಲಿ ಏಡ್ಸ್ ಬಂದು ರಕ್ತದ ಚೀಲವೆಂದರೆ ಹೆದರಿಕೆ ಹುಟ್ಟಿದಾಗ ಪ್ರಶ್ನೆ ಎದ್ದಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1988ರಲ್ಲಿ ತಜ್ಞರನ್ನು ಕಲೆಹಾಕಿ, ಯಾವುದೇ ಒಂದು ಅಂಕಿಯಿಂದ ಇದನ್ನು ತೀರ್ಮಾನಿಸುವಂತಿಲ್ಲ ಎಂದು ಹೇಳಿತು.

ನಿಜವಾದ ಪರೀಕ್ಷೆ ನಡೆದದ್ದು ಕೆನಡಾದಲ್ಲಿ. ಪಾಲ್ ಎಬೇರ್ ಎಂಬ ವೈದ್ಯರ ನೇತೃತ್ವದಲ್ಲಿ ತೀವ್ರ ನಿಗಾ ಘಟಕಗಳ 838 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 10ಕ್ಕಿಂತ ಕೆಳಗಿಳಿದೊಡನೆ ರಕ್ತ, ಇನ್ನೊಂದಕ್ಕೆ 7ಕ್ಕಿಂತ ಕೆಳಗಿಳಿದರೆ ಮಾತ್ರ. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. 30 ದಿನಗಳಲ್ಲಿ ತೀರಿಕೊಂಡವರು ಧಾರಾಳ ಗುಂಪಿನಲ್ಲಿ ಶೇ. 23.3, ಬಿಗಿಹಿಡಿದ ಗುಂಪಿನಲ್ಲಿ ಶೇ. 18.7. ಈ ಅಂತರ ಆಕಸ್ಮಿಕವೂ ಆಗಿರಬಹುದೆಂದು ಸಂಖ್ಯಾಶಾಸ್ತ್ರ ಎಚ್ಚರಿಸುತ್ತದೆ. ಆದರೆ ಹೆಚ್ಚು ರಕ್ತ ಕೊಟ್ಟದ್ದರಿಂದ ಹೆಚ್ಚು ಜನ ಉಳಿದರೆಂದು ಹೇಳುವ ಬಾಯಿ ಮಾತ್ರ ಮುಚ್ಚಿಹೋಯಿತು. 2013ರಲ್ಲಿ ಬಾರ್ಸಿಲೋನಾದಿಂದ ಬಂದ ವರದಿ ಇನ್ನೂ ಸ್ಪಷ್ಟ. ಅದು ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಆಸ್ಪತ್ರೆಗೆ ಬಂದ 921 ಜನರನ್ನು ಕುರಿತದ್ದು. ಭೋರೆಂದು ಸುರಿಯುತ್ತಿದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. 7ರವರೆಗೆ ಕಾದವರಲ್ಲಿ ಆರು ವಾರಗಳ ಬಳಿಕ ಬದುಕಿದ್ದವರು ಶೇ. 95, 9ಕ್ಕೇ ರಕ್ತ ಪಡೆದವರಲ್ಲಿ ಶೇ. 91. ಮತ್ತೆ ರಕ್ತಸ್ರಾವವಾದದ್ದೂ ಧಾರಾಳವಾಗಿ ಪಡೆದವರಲ್ಲೇ ಹೆಚ್ಚು.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಆಫ್ರಿಕಾದ ಮಕ್ಕಳ ಅಧ್ಯಯನ. ಉಗಾಂಡಾ ಮತ್ತು ಮಲಾವಿ ದೇಶಗಳ ಆಸ್ಪತ್ರೆಗಳಿಗೆ ಬಂದ, ಹಿಮೋಗ್ಲೋಬಿನ್ 4ರಿಂದ 6 ಇದ್ದ, ಆದರೆ ಉಸಿರಾಟ, ಪ್ರಜ್ಞೆ ಎಲ್ಲ ನೆಟ್ಟಗಿದ್ದ 1565 ಮಕ್ಕಳು. ನಾಲ್ಕು ಗ್ರಾಂ! ಅರ್ಧದಷ್ಟು ಮಕ್ಕಳಿಗೆ ಕೂಡಲೇ ರಕ್ತ ಕೊಟ್ಟರು. ಉಳಿದರ್ಧವನ್ನು ಮಂಚದ ಬಳಿಯಲ್ಲಿ ಕಾದು ನೋಡಿದರು, 4ಕ್ಕಿಂತ ಇಳಿದರೆ ಅಥವಾ ಮಗು ಬಳಲತೊಡಗಿದರೆ ಮಾತ್ರ ರಕ್ತ. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾವಿನ ಪ್ರಮಾಣದಲ್ಲಿ ಗಣನೆಗೆ ಬರುವಂಥ ಅಂತರ ಇರಲಿಲ್ಲ. ಕಾದು ನೋಡಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತದ ಅಗತ್ಯವೇ ಬೀಳಲಿಲ್ಲ. ಇದನ್ನು ಓದಿ "ಕಾಯುವುದೇ ಸಾಕು" ಎಂದು ಯಾರೂ ಭಾವಿಸಬಾರದು. ಅಲ್ಲಿ ಕಾದದ್ದೆಂದರೆ ಕೈಕಟ್ಟಿ ಕುಳಿತದ್ದಲ್ಲ, ಗಳಿಗೆ ಗಳಿಗೆಗೆ ಅಳೆದು ನೋಡಿದ್ದು.

ಇಷ್ಟು ಓದುವ ಹೊತ್ತಿಗೆ ಏಳು ಎಂಬುದು ಹೊಸ ಪಾಸು ಮಾರ್ಕಾಗಿ ನನ್ನ ತಲೆಯಲ್ಲಿ ಕೂರತೊಡಗಿತ್ತು. ಅರಿವಳಿಕೆಯ ವಿದ್ಯಾರ್ಥಿ ಅದಕ್ಕೆ ಅವಕಾಶ ಕೊಡಲಿಲ್ಲ. "ಮೇಷ್ಟ್ರೇ, 34 ಬಂದ ಹುಡುಗ ದಡ್ಡ, 36 ಬಂದವನು ಜಾಣ ಅಂತ ನೀವು ಯಾವತ್ತಾದರೂ ನಂಬಿದ್ರಾ?" ಎಂದು ಕೇಳಿದ. ಅವನು ಮುಂದೆ ಇಟ್ಟದ್ದು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಅದರಲ್ಲಿ ಹೃದಯಾಘಾತವಾಗಿ ರಕ್ತಹೀನತೆಯೂ ಇದ್ದ 3504 ರೋಗಿಗಳು. ಇಲ್ಲಿ ತಕ್ಕಡಿ ಬೇರೆ ಕಡೆ ವಾಲಿತು. ರಕ್ತವನ್ನು ಬಿಗಿಹಿಡಿದವರಲ್ಲಿ 30 ದಿನಗಳೊಳಗೆ ತೀರಿಕೊಂಡವರು ಅಥವಾ ಮತ್ತೆ ಹೃದಯಾಘಾತಕ್ಕೆ ಒಳಗಾದವರು ಶೇ. 16.9, 10ರ ಮೇಲೆ ಕಾಯ್ದುಕೊಂಡವರಲ್ಲಿ ಶೇ. 14.5. ಇದೂ ನಿಸ್ಸಂದೇಹವಾದ ಅಂತರವಲ್ಲ, ಆದರೆ ಎದೆನೋವಿನ ರೋಗಿಯ ಎದುರು ನಿಂತ ವೈದ್ಯರು ಏಳರವರೆಗೆ ಕಾಯಲು ಹಿಂಜರಿಯುವುದಕ್ಕೆ ಇಷ್ಟು ಸಾಕು. ಆಮ್ಲಜನಕದ ವಿಷಯದಲ್ಲಿ ಹೃದಯಕ್ಕೆ ಉಳಿತಾಯದ ಖಾತೆ ಬಹಳ ಚಿಕ್ಕದು. ಸಿಕ್ಕಿದ್ದರಲ್ಲಿ ಹೆಚ್ಚು ಪಾಲನ್ನು ಅದು ಮೊದಲೇ ಬಳಸಿಕೊಂಡಿರುತ್ತದೆ. ಅಮೆರಿಕದ ರಕ್ತನಿಧಿಗಳ ಸಂಘ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸ್ಥಿರವಾಗಿರುವ ವಯಸ್ಕ ರೋಗಿಗೆ 7 ಎಂದು ಹೇಳಿ, ಮೊದಲೇ ಹೃದ್ರೋಗವಿರುವವರಿಗೆ, ಮೂಳೆಯ ಶಸ್ತ್ರಕ್ರಿಯೆಯವರಿಗೆ 8 ಎಂದು ಬೇರೆ ಗೆರೆ ಎಳೆಯುತ್ತದೆ. "ಸ್ಥಿರವಾಗಿರುವ" ಎಂಬ ಆ ವಿಶೇಷಣದಲ್ಲಿಯೇ ಎಲ್ಲವೂ ಅಡಗಿದೆ. ವ್ಯಾಕರಣ ಕಲಿಸುವಾಗ ವಿಶೇಷಣವನ್ನು ಬಿಟ್ಟು ವಾಕ್ಯವನ್ನು ಓದಬೇಡಿರೆಂದು ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಸ್ಥಿರವಲ್ಲದ ಸ್ಥಿತಿ ಹೇಗಿರುತ್ತದೆಂಬುದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. 1978ರಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಪತ್ನಿ ಹೆರಿಗೆಯಾದ ಮೇಲೆ ನಿಲ್ಲದ ರಕ್ತಸ್ರಾವದಿಂದ, ಎತ್ತಿನ ಗಾಡಿಯಿಂದ ಜೀಪಿಗೆ, ಜೀಪಿನಿಂದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ತೀರಿಕೊಂಡರು. ಆಕೆಯ ಹಿಮೋಗ್ಲೋಬಿನ್ ಎಷ್ಟಿತ್ತೆಂದು ಯಾರೂ ಅಳೆಯಲಿಲ್ಲ. ಅಳೆದಿದ್ದರೂ ಆ ಗಳಿಗೆಯಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತಿತ್ತೇನೋ! ಏಕೆಂದರೆ ಒಮ್ಮೆಲೇ ಸುರಿದುಹೋದಾಗ ಉಳಿದ ರಕ್ತ ಮೊದಲಿನಷ್ಟೇ ಗಟ್ಟಿಯಾಗಿರುತ್ತದೆ, ಕೊಡ ಮಾತ್ರ ಬರಿದಾಗಿರುತ್ತದೆ. ಅಂಥವರಿಗೆ ಬೇಕಾದದ್ದು ರಕ್ತ, ಅದೂ ಆ ಕ್ಷಣದಲ್ಲಿ. ಅಂಕಿ 10 ಇರುವವರು ಸಾಯಬಹುದು, 7 ಇರುವವರು ಹಸುವಿಗೆ ಹುಲ್ಲು ಹಾಕಿ ಬರಬಹುದು.

ಹಾಗೆ ಕೂಡಲೇ ಬೇಕಾದವರಿಗೆ ಸಿಗಬೇಕಾದರೆ ಚೀಲ ಇನ್ನೆಲ್ಲಿಯೋ ಖರ್ಚಾಗಿರಬಾರದು ಎಂಬುದೂ ಒಂದು ಲೆಕ್ಕ. ಕೆಂಪು ಕಣಗಳ ಚೀಲ ಶೀತಲಪೆಟ್ಟಿಗೆಯಲ್ಲಿ ಐದಾರು ವಾರ ಮಾತ್ರ ಬಾಳುತ್ತದೆ, ಕಾರ್ಖಾನೆಯಲ್ಲಿ ಮಾಡಲು ಬರುವುದಿಲ್ಲ. ಥಲಸೀಮಿಯಾ ಎಂಬ ಕಾಯಿಲೆಯೊಂದಿಗೆ ಹುಟ್ಟಿದ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇಬೇಕು, ಅವರ ಪಾಲಿಗೆ ಅದೇ ಊಟ. ಹಿಂದೆ ಆಸ್ಪತ್ರೆಗಳ ಗೇಟಿನ ಬಳಿ ದುಡ್ಡಿಗೆ ರಕ್ತ ಮಾರುವವರು ಇರುತ್ತಿದ್ದರು. ಕಾಮನ್ ಕಾಸ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ಆ ಪದ್ಧತಿ ನಿಷೇಧವಾಯಿತು. ಈಗ ಇರುವುದು ಶಿಬಿರಗಳಲ್ಲಿ ಕೊಡುವವರ ಔದಾರ್ಯ ಮತ್ತು ರೋಗಿಯ ಕಡೆಯವರ ತೋಳು.

ಮತ್ತೆ ತಂಗಿಯ ವಿಷಯಕ್ಕೆ ಬರುತ್ತೇನೆ. ರಾತ್ರಿ ಒಂಬತ್ತಕ್ಕೆ ಮತ್ತೆ ಅಳೆದಾಗ 7.1. ಇಳಿಯುತ್ತಿಲ್ಲ ಎಂಬುದು ಖಾತ್ರಿಯಾದ ಮೇಲೆ ವೈದ್ಯೆ ಅವಳ ಮಂಚದ ಅಂಚಿನಲ್ಲಿ ಕುಳಿತು "ಅಮ್ಮ, ಮನೇಲಿ ಏನಾದ್ರೂ ಮಾತ್ರೆ ತಗೋತೀರಾ?" ಎಂದು ಕೇಳಿದರು. "ಇಲ್ಲವಮ್ಮ, ಬಿ.ಪಿ. ಇಲ್ಲ, ಶುಗರ್ ಇಲ್ಲ" ಎಂದಳು ತಂಗಿ, ಸ್ವಲ್ಪ ಹೆಮ್ಮೆಯಿಂದಲೇ. "ಯಾವ ನೋವಿಗೂ ಇಲ್ವಾ?" "ಮಂಡಿ ನೋವಿಗೆ ಒಂದು ಗುಳಿಗೆ. ಅದೇನು ಔಷಧೀನಾ? ಮೆಡಿಕಲ್ ಸ್ಟೋರಿನ ಹುಡುಗ ಕೊಡ್ತಾನೆ, ಬೆಳಗ್ಗೆ ಒಂದು ನುಂಗಿದ್ರೆ ಸಂಜೇತನಕ ಓಡಾಡ್ತೀನಿ." ಎಷ್ಟು ದಿನದಿಂದ ಎಂದು ಕೇಳಿದರೆ ಮೊಮ್ಮಗಳು ಅಂಗನವಾಡಿಗೆ ಸೇರಿದಾಗಿನಿಂದ ಎಂದಳು. ಮೊಮ್ಮಗಳು ಆಗ ಒಂದನೆಯ ತರಗತಿ.

ಮರುದಿನ ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಹುಣ್ಣು ಕಂಡಿತು. ಅಲ್ಲಿಂದ ತೊಟ್ಟು ತೊಟ್ಟಾಗಿ, ಕಣ್ಣಿಗೆ ಕಾಣದಂತೆ, ಎರಡು ಮೂರು ವರ್ಷ ಸೋರಿತ್ತು. ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರಲು ಆರು ದಿನ ಹಿಡಿಯಿತು. ಆ ಆರು ದಿನ ನಮ್ಮಲ್ಲಿ ಯಾರೂ ಒಂದು ಶಬ್ದವನ್ನು ಬಾಯಿಬಿಟ್ಟು ಆಡಲಿಲ್ಲ, ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು. ಕ್ಯಾನ್ಸರ್ ಅಲ್ಲವೆಂದು ಬಂತು. ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾವೂ ಇತ್ತು, ಅದಕ್ಕೆ ಎರಡು ವಾರದ ಔಷಧಿ. ಮಂಡಿಯ ಗುಳಿಗೆಗೆ ವಿದಾಯ. ದೊಡ್ಡ ಕರುಳಿನಲ್ಲಿಯೂ ನೋಡಿ ಏನಿಲ್ಲವೆಂದು ಖಚಿತ ಮಾಡಿಕೊಂಡರು.

ಅಂದು ಸಂಜೆಯೇ ಎರಡು ಚೀಲ ರಕ್ತ ಏರಿಸಿದ್ದರೆ ಏನಾಗುತ್ತಿತ್ತು? ಒಂದು ಚೀಲಕ್ಕೆ ಸುಮಾರು 1 ಗ್ರಾಂ ಏರುತ್ತದೆಂಬುದು ವೈದ್ಯರ ಲೆಕ್ಕ. ಒಂಬತ್ತಾಗುತ್ತಿತ್ತು, ಮುಖಕ್ಕೆ ಕಳೆ ಬರುತ್ತಿತ್ತು, ಎಲ್ಲರೂ ವೈದ್ಯರಿಗೆ ಕೈಮುಗಿದು ಅವಳನ್ನು ಮನೆಗೆ ಕರೆತರುತ್ತಿದ್ದರು. ಅವಳು ಮರುದಿನ ಬೆಳಿಗ್ಗೆ ಮಂಡಿಯ ಗುಳಿಗೆ ನುಂಗುತ್ತಿದ್ದಳು. ಹೀಗೆ ವರ್ಷಕ್ಕೊಮ್ಮೆ "ರಕ್ತ ಹಾಕಿಸಿಕೊಂಡು ಬರುವ" ಹಿರಿಯರು ನಮ್ಮ ಬಳಗದಲ್ಲಿಯೇ ಇಬ್ಬರಿದ್ದಾರೆ. ಅವರ ಮಕ್ಕಳು ಇದನ್ನು ಓದುತ್ತಿದ್ದರೆ, ರಕ್ತ ಎಲ್ಲಿಗೆ ಹೋಗುತ್ತಿದೆಯೆಂದು ಈ ಬಾರಿ ವೈದ್ಯರನ್ನು ಕೇಳಬೇಕೆಂದು ವಿನಂತಿ.

ರಕ್ತದ ಬದಲು ಅವಳಿಗೆ ಕೊಟ್ಟದ್ದು ಕಬ್ಬಿಣಾಂಶ, ನರದ ಮೂಲಕ. ಮೊದಲ ದಿನ 1000 ಮಿಲಿಗ್ರಾಂ, ವಾರದ ಬಳಿಕ 500. ಒಂದು ಚೀಲ ರಕ್ತದಲ್ಲಿ ಇರುವುದು 200ರಿಂದ 250 ಮಿಲಿಗ್ರಾಂ ಕಬ್ಬಿಣ ಮಾತ್ರ. ಬತ್ತಿಹೋದ ಅವಳ ಉಗ್ರಾಣವನ್ನು ಅದು ತುಂಬುವಂತಿರಲಿಲ್ಲ. ನಾಲ್ಕು ವಾರಕ್ಕೆ 10.1 ಆಯಿತು, ಅಕ್ಟೋಬರಿನಲ್ಲಿ 12.3. ಅದೇ ತಿಂಗಳು ಪೊರೆ ತೆಗೆಸಿಕೊಂಡಳು. ಈಗ ನನ್ನ ತಲೆಗೂದಲು ಇಷ್ಟು ಬೆಳ್ಳಗಾಗಿದೆಯೆಂದು ಗೊತ್ತೇ ಇರಲಿಲ್ಲ ಎನ್ನುತ್ತಾಳೆ.

ಇಷ್ಟರಲ್ಲಿ ಒಂದು ಸಂಗತಿಯನ್ನು ಬಿಟ್ಟಿದ್ದೇನೆ. ಅಂದು ಸಂಜೆ ವೈದ್ಯೆ ತೀರ್ಮಾನ ಹೇಳುವ ಮೊದಲೇ ಸೋದರಳಿಯ ಹೆಂಡತಿಯನ್ನು ಕರೆದುಕೊಂಡು ರಕ್ತನಿಧಿಗೆ ಓಡಿದ್ದ. ಅವನು ಎರಡು ತಿಂಗಳ ಹಿಂದೆ ಶಿಬಿರದಲ್ಲಿ ಕೊಟ್ಟಿದ್ದನಾದ್ದರಿಂದ ಬೇಡವೆಂದರು. ಗಂಡಸರಿಗೆ 90 ದಿನದ ಅಂತರವಿರಬೇಕು. ಸೊಸೆ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. ಅತ್ತೆಗೆ ಕೊಡಲು ಅವಳಿಗೆ ಯಾವ ಹಿಂಜರಿಕೆಯೂ ಇರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ ನೋಡಿದರು. ದಾನಿಗೆ 12.5 ಇರಬೇಕು, ಅವಳಿಗಿದ್ದದ್ದು 9.4. "ನಿಮಗೇ ಬೇಕಲ್ಲಮ್ಮ" ಎಂದು ಅಲ್ಲಿನ ಹುಡುಗ ನಗುತ್ತ ಚೀಟಿ ಬರೆದುಕೊಟ್ಟನಂತೆ. ಆ ಚೀಟಿಗೆ ಯಾರೂ ಸುತ್ತು ಹಾಕಿರಲಿಲ್ಲ, ಅವಳು ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು, ಯಾರಿಗೂ ಹೇಳಲಿಲ್ಲ. ಅತ್ತೆಯ ಹುಣ್ಣಿನ ಗದ್ದಲವೆಲ್ಲ ಮುಗಿದು ಒಂದು ತಿಂಗಳಾದ ಮೇಲೆ ಮಾತಿಗೆ ಮಾತು ಬಂದು ಅದು ಹೊರಬಿತ್ತು.

2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿ ರಕ್ತಹೀನರು. ಹಿಂದಿನ ಸಮೀಕ್ಷೆಯಲ್ಲಿ ಶೇ. 44.8 ಇತ್ತು. ಅವರೆಲ್ಲ ಈ ಸೊಸೆಯಂತೆ ಒಲೆಯ ಮುಂದೆ, ಗದ್ದೆಯಲ್ಲಿ, ಶಾಲೆಯ ಗೇಟಿನ ಬಳಿ ಓಡಾಡಿಕೊಂಡಿರುವವರು. ಯಾವ ತುರ್ತು ವಿಭಾಗಕ್ಕೂ ಬರುವುದಿಲ್ಲ, ಯಾರೂ ಅವರಿಗಾಗಿ ಬೈಕಿನಲ್ಲಿ ಬಂದಿಳಿಯುವುದಿಲ್ಲ. ಅವರಿಗೆ ಬೇಕಾದದ್ದು ರಕ್ತದ ಚೀಲವಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಕಬ್ಬಿಣದ ಮಾತ್ರೆ, ತಿಂಗಳ ಸ್ರಾವ ಹೆಚ್ಚಿದ್ದರೆ ಅದಕ್ಕೆ ಚಿಕಿತ್ಸೆ, ಜಂತುಹುಳುವಿನ ಔಷಧಿ.

ಸೊಸೆಗೂ ವೈದ್ಯರು ಮಾತ್ರೆಯನ್ನೇ ಕೊಟ್ಟರು. ಮಾತ್ರೆ ನುಂಗಿದೊಡನೆ ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವಂತೆ, ನಿಂಬೆರಸ ಕುಡಿದರೆ ಚೆನ್ನಾಗಿ ಹತ್ತುತ್ತದಂತೆ. ಹಾಸನದ ಕಡೆಯವರಿಗೆ ಕಾಫಿ ಬಿಡುವುದೆಂದರೆ ಏನೆಂದು ನಿಮಗೆ ಗೊತ್ತು. ನಾನು ಹೋದ ವಾರ ಅಲ್ಲಿಗೆ ಹೋಗಿದ್ದಾಗ ತಂಗಿ ಬೆಳಿಗ್ಗೆ ಮೊದಲು ಸೊಸೆಯ ಕೈಗೆ ಮಾತ್ರೆ, ನಿಂಬೆಹಣ್ಣಿನ ನೀರು ಕೊಟ್ಟು, ಗಡಿಯಾರ ನೋಡಿ, ಸರಿಯಾಗಿ ಎರಡು ಗಂಟೆಯ ಮೇಲೆ ಕಾಫಿ ಬೆರೆಸಿದಳು. ಅಲ್ಲಿಯವರೆಗೆ ನನಗೂ ಸಿಗಲಿಲ್ಲ. ಸೊಸೆಯ ಹಿಮೋಗ್ಲೋಬಿನ್ ಈಗ 11.8.